ತಕರಾರಿನ ಹನ್ನೊಂದು ಗುಂಟೆ

ಜತ್ತ ಕೋರ್ಟಿನ ಮನಾಯಿ ಹುಕುಂ ಬಂದಾಗ
ಮಗಳು ನನ್ನ ಹೊಟ್ಟ್ಯಾಗಿದ್ದಳು.
ಈಗ ಆಕಿಗೇ ಎರಡು ಮಕ್ಕಳು.
ನಮ್ಮ ಹೊಲಕ್ಕೂ ಭಾವನ ಹೊಲಕ್ಕೂ ನಡುವ
ಹನ್ನೊಂದು ಗುಂಟೆ ಕಲ್ಲುಭೂಮಿ.
ಯಾರೂ ಕುಂಟಿ ಹೊಡಿಬಾರದು,
ಯಾರೂ ಕುಡಗೋಲು ಆಡಿಸಬಾರದು
ಅಂತ ಮರಾಠಿ ಕಾಗದ, ಕೆಳಗ ದುಂಡನ್ನ ಶಿಕ್ಕಾ.

ಓದಾಕ ಬರದ ಬಾರಿಗಿಡ ಮೊದಲು ಒಳಗ ಬಂತು.
ಅದರ ಬೆನ್ನಿಗೆ ಕವಳಿ, ಕಾರಿ,
ಕುರಿ ಮೂಸಿ ಬಿಟ್ಟ ಎಕ್ಕಿ.
ಬಿತ್ತಿದವರಿಲ್ಲ. ಪಿಕಳಾರ
ಹಣ್ಣು ತಿಂದು ಬನ್ನಿ ಟೊಂಗಿ ಮ್ಯಾಲ ಕುಂತು
ಹಿಕ್ಕಿ ಹಾಕಿದ್ದೇ ಬಿತ್ತಿಗಿ.
ಮಳಿ ಬಿದ್ದ ಮ್ಯಾಲ ನೆಲದ ತುಂಬ ಬಿಳಿ ತುಂಬಿ.
ಹೂವಿಗೂ ತುಂಬಿ ಅಂತೀವಿ, ಹೂವಿಗೆ ಬರೂದಕ್ಕೂ ತುಂಬಿ;
ಹಿರ್ಯಾರು ಬ್ಯಾರೆ ಹೆಸರು ಹುಡುಕಾಕ ಹೋಗಲಿಲ್ಲ.

ಮನಿಯವರು ದಿನಾ ಆ ಕಡೆ ನೋಡಿ ಉಗುಳತಿದ್ದರು:
"ಹಾಳು ಬಿತ್ತು. ಬಂಗಾರದಂಥ ಜಾಗಾ."

ನಾವು ಉಳ್ಳಾಗಡ್ಡಿ ಬೀಜದವರು.
ಗಡ್ಡಿ ಅಲ್ಲ, ಬೀಜ. ಜಾಲನಾದ ಕಂಪನಿ ಗಾಡಿ ಬಂದು ಒಯ್ಯತೈತಿ.
ಶಿವರಾತ್ರಿ ಹೊತ್ತಿಗೆ ಹೊಲ ತುಂಬ ಗೊಂಡೆ,
ಒಂದೊಂದರಾಗ ನೂರಾರು ಹೂ.
ನೀರು ಬಿಡು, ಗೊಬ್ಬರ ಹಾಕು,
ಹುಳ ಮುಟ್ಟದಿದ್ದರ ಎಲ್ಲಾ ಹೊಟ್ಟು.
ಊರ ಆಚಿ ಮಗ್ಗಲ, ಬದು ಕಿತ್ತು ಒಂದು ಮಾಡಿದ ಹೊಲದಾಗ
ಹೆಣ್ಮಕ್ಕಳು ಮುಂಜಾನೆದ್ದು ಅಂಗೈಲೆ ಗೊಂಡೆ ಸವರತಾರ
ಕೂಸಿನ ನೆತ್ತಿ ಸವರಿದಂಗ,
ಈ ಸಾಲು ಮುಗಿಸಿ ಆ ಸಾಲು.
ನಾನೂ ಒಂದು ಹಂಗಾಮು ಕೂಲಿಗೆ ಹೋಗಿದ್ದೆ.
ಕೈ ವಾರಗಟ್ಟಲೆ ನಾರತಿದ್ದವು. ಬೀಜ ಅರ್ಧ ಜೊಳ್ಳು.

ನಮ್ಮಲ್ಲಿ ಯಾರೂ ಸವರೂದಿಲ್ಲ.
ಯಾಕಂತ ಒಂದು ವರ್ಷ ಹುಳದ ಹಿಂದ ನಡದು ನೋಡಿದೆ.
ಕವಳಿ ಕಂಟಿ ಒಳಗ, ಮುಳ್ಳಿನ ನಡುವ,
ಅಂಗೈಯಷ್ಟು ಕೋಲಜೇನಿನ ಹುಟ್ಟು.
ಉಳ್ಳಾಗಡ್ಡಿ ಅವಕ್ಕ ಉಣಿಸೂದು ಒಂದು ತಿಂಗಳು.
ಉಳಿದ ಹನ್ನೊಂದು ಯಾರ ಮನ್ಯಾಗ ಉಣ್ಣಬೇಕು?
ದಸರಾ ಮುಂದ ಬಾರಿ ಹೂ, ಕಣ್ಣಿಗೆ ಕಾಣದಷ್ಟು ಸಣ್ಣವು,
ಆದರ ಗಿಡಕ್ಕ ಗಿಡವೇ ಗುಂಯ್ ಅಂತೈತಿ.
ತಂಗಡ್ಯಾಗ ಜೇನಿಲ್ಲ, ಬರೇ ಹುಡಿ;
ಕರಿ ತುಂಬಿ ಹೂ ತಬ್ಬಿ ಗಡಗಡ ನಡುಗಿಸಿ
ಉದುರಿಸಿಕೊಂಡು ಹೋಗತೈತಿ, ಸಾಲ ವಸೂಲಿಗೆ ಬಂದವರಂಗ.
ಎಕ್ಕಿ ಎಲಿ ಬೋಳಾಗೈತಿ ಅಂದರ
ಪಟ್ಟಿ ಪಟ್ಟಿ ಹುಳ ತಿಂದಾವಂತ ಅರ್ಥ.
ತಿನ್ನಲಿ. ಎಂಟು ದಿನಕ್ಕ ಅವಕ್ಕೂ ರೆಕ್ಕಿ.

ಕಾರ್ತಿಕದಾಗ ತೀರ್ಪು ಬಂತು.
ಐದೂವರಿ ನಮಗ, ಐದೂವರಿ ಅವರಿಗೆ.
ಅಣ್ಣತಮ್ಮ ಜೀವಮಾನದಾಗ ಒಂದಕ್ಕ ಒಪ್ಪಿದರು:
ಬುಧವಾರ ಜೆಸಿಬಿ, ಬಾಡಿಗಿ ಸಮಸಮ.

ಸೋಮವಾರ ಸಂಜಿಕ ಕಂಟಿ ನೋಡಾಕ ಹೋದೆ.
ಆ ಮಗ್ಗಲ ಒಂದು ಹಸರ ಸೀರಿ.
ನೆಗೆಣ್ಣಿ ಗುರಬಸವ್ವ.
ಇಪ್ಪತ್ತನಾಕು ವರ್ಷ ಮಾತಿಲ್ಲ ನಮ್ಮದು.
ಮದವಿ, ಮಣ್ಣು, ಯಾವುದಕ್ಕೂ ಇಲ್ಲ.
ಆಕಿ ನನ್ನ ನೋಡಲಿಲ್ಲ, ಬಾರಿಗಿಡಕ್ಕ ಹೇಳಿದಂಗ ಅಂದಳು,
"ಈ ಕರಿ ತುಂಬಿ ಹ್ವಾದವು ಅಂದರ
ನನ್ನ ನುಗ್ಗಿ ಕಾಯಿ ಕಟ್ಟೂದಿಲ್ಲ."
ನಾನೂ ಬಾರಿಗಿಡಕ್ಕೇ ಅಂದೆ,
"ನನ್ನ ಗೊಂಡೆನೂ ಅಷ್ಟ."
ಕಂಟ್ಯಾಗಿಂದ ಗೌಜಲಕ್ಕಿ ಬುರ್ರ್ ಅಂತ ಹಾರಿತು,
ಇಬ್ಬರೂ ಒಮ್ಮೆಲೆ ಬೆಚ್ಚಿದಿವಿ,
ಆಮ್ಯಾಲ ನಗಿ ತಡಿಯಾಕ ಆಗಲಿಲ್ಲ.

ಆ ರಾತ್ರಿ ಬಿಸಿ ರೊಟ್ಟಿ ಬಡಿಸಿ ಹೇಳಿದೆ,
"ನಡುಗಲ್ಲು ನಮ್ಮ ಕಡೆ ಮೂರು ಮೊಳ ಸರಿಸ್ಯಾರಂತ."
ಅತ್ತ ಮನ್ಯಾಗ ಆಕಿನೂ ಅದನ್ನ ಹೇಳಿದಳು,
ಮೊಳ ಮಾತ್ರ ನಾಕು ಮಾಡಿ.
ಮುಂಜಾನೆ ಎರಡೂ ಮನ್ಯಾಗ ಬೈಗುಳ.
ಈಗ ಅಪೀಲು ಸಾಂಗಲ್ಯಾಗ ಐತಿ. ಹೊಸಾ ಮನಾಯಿ ಹುಕುಂ.
ವಕೀಲರ ಫೀಜು ಬೀಜದ ರೊಕ್ಕದಾಗ
ನಾನೇ ಎಣಿಸಿ ಕೊಟ್ಟೆ, ಹುಳದ ಕೂಲಿ ಅಂತ.

ಮನ್ನೆ ಕವಳಿ ಕರ್ರಗಾದಾಗ
ಗುರಬಸವ್ವ ಮೊಮ್ಮಗನ ಕೈಯಾಗ ಹೇಳಿ ಕಳಿಸಿದ್ದಳು:
ಎಲ್ಲಾ ಹರಿಬ್ಯಾಡ. ಮ್ಯಾಲಿನ ಟೊಂಗಿ ಪಿಕಳಾರಕ್ಕ ಬಿಡು.